ಕಂಪ್ಯೂಟರಿನ ಲೆಕ್ಕಕ್ಕೆ ಕಾವಲು: ಬ್ಯಾಕಪ್ ಸಾಫ್ಟ್‌ವೇರನ್ನು ಆರಿಸುವ ಕ್ರಮ



ನಮ್ಮ ಸಂಘದ ಸದಸ್ಯರಲ್ಲಿ ಮನೆಯಲ್ಲಿ ಕಂಪ್ಯೂಟರು ಇಲ್ಲದವರು ಈಗ ಕಡಿಮೆ. ಆಳುಗಳ ಹಾಜರಿ, ಮುಂಗಡದ ಲೆಕ್ಕ, ಗೊಬ್ಬರ-ಔಷಧಿಯ ಖರ್ಚು, ಅಡಿಕೆ ಮಂಡಿಯ ಪಟ್ಟಿ, ಕಾಫಿ ಕ್ಯೂರಿಂಗಿನವರ ರಸೀದಿ, ಮಳೆಯ ದಾಖಲೆ, ಮಕ್ಕಳ ಮದುವೆಯ ಫೋಟೋ, ಎಲ್ಲವೂ ಅದರ ಹೊಟ್ಟೆಯೊಳಗೆ ಸೇರಿವೆ. ಸಂಘದ ಕಚೇರಿಗೆ ಬಂದವರು ಗೊಬ್ಬರದ ದರ ಕೇಳಿದ ಮೇಲೆ, "ಬ್ಯಾಕಪ್‌ಗೆ ಯಾವ ಸಾಫ್ಟ್‌ವೇರು ಒಳ್ಳೆಯದು, ಒಂದು ಹೆಸರು ಬರೆದುಕೊಡಿ" ಎಂದು ಕೇಳುವುದೂ ರೂಢಿಯಾಗಿದೆ. ಹೆಸರು ಬರೆದುಕೊಡುವುದು ಸುಲಭವೇ. ಆದರೆ ಹಾಗೆ ಒಬ್ಬರು ಹೇಳಿದ ಹೆಸರನ್ನು ನಂಬಿ ಪೆಟ್ಟು ತಿಂದವರಲ್ಲಿ ನಾವೂ ಸೇರಿರುವುದರಿಂದ, ಹೆಸರಿಗಿಂತ ಮೊದಲು ಪರೀಕ್ಷೆ ಮಾಡುವ ಕ್ರಮವನ್ನು ತಿಳಿಸುವುದು ಮೇಲೆಂದು ಈ ಲೇಖನ ಬರೆಯುತ್ತಿದ್ದೇವೆ.

ನಮಗಾದ ನಷ್ಟವನ್ನು ಮುಚ್ಚಿಡುವ ಕಾರಣವಿಲ್ಲ. ನಮ್ಮ ತೀರ್ಥರೂಪರು 1968ರಿಂದ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು-ಸೆಂಟುಗಳಲ್ಲಿ ಬರೆದಿಟ್ಟಿದ್ದ ನೋಟು ಪುಸ್ತಕಗಳನ್ನು ಮನೆಯ ಮಕ್ಕಳು ಕೂಡಿ ಕಂಪ್ಯೂಟರಿಗೆ ಏರಿಸಿದ್ದರು. ಏರಿಸಿದ ಮೇಲೆ ಪುಸ್ತಕಗಳ ಕಡೆ ನಮ್ಮ ಗಮನ ತಪ್ಪಿತು, ಗೆದ್ದಲು ಹಿಡಿಯಿತು. ಅಂದಿನಿಂದ ಮಳೆಯನ್ನೂ ಆಳಿನ ಲೆಕ್ಕವನ್ನೂ ನೇರವಾಗಿ ಕಂಪ್ಯೂಟರಿಗೇ ಬರೆಯತೊಡಗಿದೆವು. ಬ್ಯಾಕಪ್ ಇಲ್ಲದೆ ಇರಲಿಲ್ಲ. ಹೊರಗಿನ ಹಾರ್ಡ್ ಡಿಸ್ಕೊಂದನ್ನು ತಂದು, ಹಣ ಕೊಟ್ಟು ಸಾಫ್ಟ್‌ವೇರು ಹಾಕಿಸಿ, ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೆವು. ಪರದೆಯ ಮೂಲೆಯಲ್ಲಿ ದಿನವೂ ಹಸಿರು ಗುರುತು ಕಾಣುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಒಂದು ಸಂಜೆ ಸಿಡಿಲು ಬಡಿದು ತಂತಿಯ ಮೂಲಕ ಒಳಗೆ ಬಂದಾಗ ಕಂಪ್ಯೂಟರೂ ಹೋಯಿತು, ಅದಕ್ಕೆ ಸಿಕ್ಕಿಸಿದ್ದ ಡಿಸ್ಕೂ ಹೋಯಿತು. ಬೀರುವಿನಲ್ಲಿದ್ದ ಹಿಂದಿನ ಡಿಸ್ಕನ್ನು ತೆಗೆದು ನೋಡಿದರೆ, ಅದರಲ್ಲಿದ್ದದ್ದು ಆ ಸಾಫ್ಟ್‌ವೇರಿನ ಹಳೆಯ ಆವೃತ್ತಿಯವರ ಸ್ವಂತ ಬಗೆಯ ಕಡತ, ಅದಕ್ಕೊಂದು ಪಾಸ್‌ವರ್ಡು. ಹಾಕಿಸಿಕೊಟ್ಟ ಹುಡುಗ ಊರು ಬಿಟ್ಟಿದ್ದ. ಪಾಸ್‌ವರ್ಡು ನಮಗೆ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಮಗಳ ಬಳಿ 2017ರ ಕೊನೆಯವರೆಗಿನ ಫೋಲ್ಡರು, ಯಾವುದೋ ಕಾಲೇಜು ಕೆಲಸಕ್ಕೆಂದು ನಕಲು ಮಾಡಿಕೊಂಡದ್ದು, ಉಳಿದಿತ್ತು. ತೀರ್ಥರೂಪರ ಮಳೆ ಹಾಗೆ ಉಳಿಯಿತು. 2018ರಿಂದ ಮುಂದಿನ ನಾಲ್ಕು ವರ್ಷದ್ದು ಹೋಯಿತು. 2018 ಮತ್ತು 2019ರ ಆಗಸ್ಟ್ ತಿಂಗಳ ಮಳೆ ಮಲೆನಾಡಿನಲ್ಲಿ ಏನು ಮಾಡಿತೆಂದು ಯಾರಿಗೂ ಹೇಳಬೇಕಾಗಿಲ್ಲ. ಐವತ್ತು ವರ್ಷದ ದಾಖಲೆಯಲ್ಲಿ ಅತಿ ಬೇಕಾದ ಆ ಎರಡು ಸಾಲುಗಳೇ ನಮ್ಮಲ್ಲಿ ಖಾಲಿ. ನೆರೆಯ ತೋಟದವರು ತಮ್ಮ ಅಂಕಿಗಳನ್ನು ಕೊಟ್ಟರು, ಕೃತಜ್ಞರಾಗಿದ್ದೇವೆ. ಆದರೆ ಗುಡ್ಡದ ಆಚೆಯ ಮಳೆ ಈಚೆಯ ಮಳೆಯಲ್ಲ. ಅದೇ ವರ್ಷ ನಮ್ಮಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ ಹೆಂಗಸೊಬ್ಬರು ಕೆಲಸ ಬಿಟ್ಟು ಮಗನ ಮನೆಗೆ ಹೊರಟಾಗ ಲೆಕ್ಕ ತೀರಿಸಬೇಕಾಯಿತು. ಮುಂಗಡ ಎಷ್ಟು, ತೀರಿದ್ದು ಎಷ್ಟು, ಕೆಲಸ ಮಾಡಿದ ದಿನ ಎಷ್ಟು, ಯಾವುದಕ್ಕೂ ಕಾಗದವಿಲ್ಲ. ಅವರು ಹೇಳಿದ ಲೆಕ್ಕವನ್ನೇ ಒಪ್ಪಿದೆವು. ಅದು ಉದಾರತೆಯಲ್ಲ, ನಮ್ಮ ಕೈಯಲ್ಲಿ ಬೇರೆ ಆಧಾರವಿರಲಿಲ್ಲ. "ಅಯ್ಯಾ, ಪುಸ್ತಕ ಇದ್ದಿದ್ದರೆ ನನಗೂ ಸಮಾಧಾನ ಇತ್ತು" ಎಂದು ಅವರು ಹೊರಡುವಾಗ ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ.

ಏನನ್ನು ಕಾಯಬೇಕು?

ಸಾಫ್ಟ್‌ವೇರು ನೋಡುವ ಮೊದಲು ಒಂದು ಕಾಗದ ತೆಗೆದುಕೊಂಡು, ಕಂಪ್ಯೂಟರಿನಲ್ಲಿರುವುದನ್ನು ಎರಡು ಪಾಲಾಗಿ ಬರೆಯಬೇಕು. ಮತ್ತೆ ಸಿಗುವುದು ಒಂದು ಪಾಲು, ಮತ್ತೆ ಸಿಗದಿರುವುದು ಇನ್ನೊಂದು. ಪಹಣಿಯನ್ನು ಸರ್ಕಾರದ ಭೂಮಿ ವ್ಯವಸ್ಥೆಯಿಂದ ಮತ್ತೆ ತೆಗೆಯಬಹುದು. ಬ್ಯಾಂಕಿನ ಲೆಕ್ಕಪಟ್ಟಿ ಬ್ಯಾಂಕಿನಲ್ಲಿದೆ. ವಿಂಡೋಸನ್ನೂ ಟ್ಯಾಲಿಯನ್ನೂ ಮತ್ತೆ ಹಾಕಿಸಬಹುದು. ಆದರೆ ಟ್ಯಾಲಿಯೊಳಗೆ ನೀವು ತುಂಬಿಸಿದ ಲೆಕ್ಕ, ಹಾಜರಿ, ಮಳೆ, ಹಿರಿಯರ ಫೋಟೋ, ಪಾಲುಪಟ್ಟಿಯ ಸ್ಕ್ಯಾನ್ ಪ್ರತಿ, ಇವು ಬೇರೆಲ್ಲೂ ಇಲ್ಲ.

ಹೀಗೆ ವಿಂಗಡಿಸಿದಾಗ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಲೆಕ್ಕ ಮತ್ತು ಕಾಗದಪತ್ರಗಳೆಲ್ಲ ಸೇರಿದರೂ ಸಾಮಾನ್ಯವಾಗಿ ಒಂದೆರಡು ಜಿಬಿ ದಾಟುವುದಿಲ್ಲ, ಜಾಗ ತಿನ್ನುವುದು ಫೋಟೋ ಮತ್ತು ವಿಡಿಯೋ. ನಮ್ಮ ಕಡೆಯ ಇಂಟರ್‌ನೆಟ್ಟಿನಲ್ಲಿ ಮೇಲಕ್ಕೆ ಕಳಿಸುವ ವೇಗ 2 ಎಂಬಿಪಿಎಸ್ ಸಿಕ್ಕಿತೆಂದು ಹಿಡಿಯಿರಿ. 50 ಜಿಬಿ ಕಳಿಸಲು ಎಡೆಬಿಡದೆ 55 ಗಂಟೆ ಬೇಕು. ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟು, ಲೈನು ಎರಡೂ ಇದ್ದ ದಿನ ನಮಗೆ ನೆನಪಿಲ್ಲ. ಆದುದರಿಂದ ಲೆಕ್ಕಪತ್ರ ಇಂಟರ್‌ನೆಟ್ಟಿಗೂ ಡಿಸ್ಕಿಗೂ, ಫೋಟೋಗಳು ಎರಡು ಡಿಸ್ಕಿಗೆ, ಎಂದು ಮೊದಲೇ ನಿಶ್ಚಯಿಸಿಕೊಂಡರೆ ಮುಂದಿನ ದಾರಿ ಸುಗಮ.

ಹಳೆಯ ನುಡಿ ಅಥವಾ ಬರಹದಲ್ಲಿ ಟೈಪು ಮಾಡಿದ ಕಾಗದಗಳಿದ್ದವರು ಆ ಅಕ್ಷರದ ಫಾಂಟ್ ಕಡತಗಳನ್ನೂ ಬ್ಯಾಕಪ್ಪಿಗೆ ಸೇರಿಸತಕ್ಕದ್ದು. ಯೂನಿಕೋಡ್ ಬರುವ ಮುಂಚಿನ ಆ ಬರಹಗಳು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಸಂಘದ ಹಳೆಯ ನಡಾವಳಿಗಳಲ್ಲಿ ಇದನ್ನು ನೋಡಿ ಗಾಬರಿಯಾದದ್ದುಂಟು.

ಬ್ಯಾಕಪ್ ಅಲ್ಲದ್ದು

ಸಿ ಡ್ರೈವಿನಿಂದ ಡಿ ಡ್ರೈವಿಗೆ ನಕಲು ಮಾಡಿಟ್ಟಿದ್ದೇವೆ ಎನ್ನುವವರಿದ್ದಾರೆ. ಬಹುಪಾಲು ಮನೆಗಳಲ್ಲಿ ಅವೆರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆ ಸುಟ್ಟರೆ ಎರಡು ಕೋಣೆಯೂ ಸುಡುತ್ತದೆ. ಗೂಗಲ್ ಡ್ರೈವ್, ಒನ್‌ಡ್ರೈವ್ ಇದೆಯಲ್ಲ ಎನ್ನುವವರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಪೂರ್ತಿಯಲ್ಲ. ಅವುಗಳ ಮುಖ್ಯ ಕೆಲಸ ಇಲ್ಲಿರುವುದನ್ನು ಅಲ್ಲಿ ಹಾಗೆಯೇ ಕಾಣಿಸುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅಳಿಸಿದ ಕಡತ ಅವುಗಳ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಅಡಿಕೆ ಕೊಯಿಲಿನ ಗಡಿಬಿಡಿಯಲ್ಲಿ ತಪ್ಪಾಗಿ ಅಳಿಸಿದ್ದನ್ನು ಯುಗಾದಿಗೆ ಹುಡುಕುವ ನಮ್ಮಂಥವರಿಗೆ 30 ದಿನ ಸಾಲದು. ಉಚಿತವಾಗಿ ಸಿಗುವ ಜಾಗವೂ ಗೂಗಲಿನಲ್ಲಿ ಮೇಲ್ ಮತ್ತು ಫೋಟೋ ಎಲ್ಲ ಸೇರಿ 15 ಜಿಬಿ, ಒನ್‌ಡ್ರೈವಿನಲ್ಲಿ 5 ಜಿಬಿ.

ಬಲ್ಲವರು ಪಾಲಿಸುವ 3-2-1 ಎಂಬ ಸೂತ್ರವಿದೆ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ನಮ್ಮ ಮನೆಯಲ್ಲಿ ಆಪತ್ಕಾಲಕ್ಕೆ ಒದಗಿದ್ದು ಆ ಹೊರಗಿನ ಒಂದೇ, ಅದೂ ನಾವು ಯೋಚಿಸಿ ಇಟ್ಟದ್ದಲ್ಲ. ದೊಡ್ಡವರಿಗೂ ಹೀಗೆಯೇ ಆದದ್ದುಂಟು. 1998ರಲ್ಲಿ ಪಿಕ್ಸಾರ್ ಕಂಪನಿಯವರು ಟಾಯ್ ಸ್ಟೋರಿ 2 ಎಂಬ ಚಿತ್ರ ತಯಾರಿಸುತ್ತಿದ್ದಾಗ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗ ಅಳಿದುಹೋಯಿತು. ಬ್ಯಾಕಪ್ ತೆಗೆದು ನೋಡಿದರೆ ಅದು ಸರಿಯಾಗಿ ಆಗಿರಲೇ ಇಲ್ಲ. ಮಗುವಿನ ಬಾಣಂತನಕ್ಕಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸುಸ್ಮನ್ ಎಂಬವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು.

ಸಾಫ್ಟ್‌ವೇರಿನಲ್ಲಿ ನೋಡಬೇಕಾದ ಗುಣ

ಮೊದಲನೆಯದಾಗಿ, ಅದು ಹಳೆಯ ಪ್ರತಿಗಳನ್ನು ಉಳಿಸುತ್ತದೆಯೇ ಎಂದು ಕೇಳಬೇಕು. ಇಂದಿನದನ್ನು ನಿನ್ನೆಯದರ ಮೇಲೆ ಬರೆಯುವ ಸಾಫ್ಟ್‌ವೇರು ನಂಬಿಕೆಗೆ ಅರ್ಹವಲ್ಲ. ಕಾರಣ, ಲೆಕ್ಕ ಕೆಟ್ಟದ್ದು ಕೆಟ್ಟ ದಿನವೇ ತಿಳಿಯುವುದು ಅಪರೂಪ. ಕೆಟ್ಟ ಕಡತವೇ ರಾತ್ರಿ ಒಳ್ಳೆಯದರ ಮೇಲೆ ಕೂತರೆ ಬ್ಯಾಕಪ್ಪೇ ಶತ್ರುವಾಗುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಕಾಡಿದ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ಸು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಇಂಥವು ಸಿಕ್ಕಿಸಿಟ್ಟ ಡಿಸ್ಕಿನ ಕಡತಗಳಿಗೂ ಬೀಗ ಹಾಕುತ್ತವೆ. ಕನಿಷ್ಠ ಮೂರು ತಿಂಗಳ ಹಿಂದಿನ ಪ್ರತಿ ಇರಬೇಕು, ಒಂದು ವರ್ಷದ್ದಿದ್ದರೆ ಮತ್ತೂ ಒಳ್ಳೆಯದು.

ಇಷ್ಟು ಪ್ರತಿಗಳನ್ನು ಇಡಲು ಜಾಗ ಎಲ್ಲಿಂದ ಬರುತ್ತದೆಂದರೆ, ಇದರಲ್ಲಿ ಮೂರು ಪದ್ಧತಿಗಳಿವೆ. ಫುಲ್ ಎಂದರೆ ಇಡೀ ಖಾತೆ ಪುಸ್ತಕವನ್ನು ಪ್ರತಿಸಲವೂ ನಕಲು ಮಾಡಿದ ಹಾಗೆ. ಇನ್‌ಕ್ರಿಮೆಂಟಲ್ ಎಂದರೆ ನಿನ್ನೆಯಿಂದ ಈಚೆಗೆ ಬದಲಾದ ಹಾಳೆಗಳನ್ನು ಮಾತ್ರ ತೆಗೆದಿಟ್ಟ ಹಾಗೆ. ಜಾಗ ಕಡಿಮೆ ಸಾಕು, ಆದರೆ ಇದೊಂದು ಸರಪಳಿ, ನಡುವಿನ ಕೊಂಡಿ ಮುರಿದರೆ ಮುಂದಿನವು ನಿಷ್ಪ್ರಯೋಜಕ. ಡಿಫರೆನ್ಷಿಯಲ್ ಎಂದರೆ ಕೊನೆಯ ಫುಲ್ ಆದಂದಿನಿಂದ ಬದಲಾದದ್ದೆಲ್ಲ. ಇದಕ್ಕೆ ಎರಡೇ ಕಡತ ಸರಿಯಾಗಿದ್ದರೆ ಸಾಕು. ತಿಂಗಳಿಗೊಂದು ಫುಲ್, ನಡುವೆ ಇನ್‌ಕ್ರಿಮೆಂಟಲ್ ಎಂದಿಟ್ಟುಕೊಂಡರೆ ನಮ್ಮಂಥ ಮನೆಗಳಿಗೆ ಸರಿಹೋಗುತ್ತದೆ.

ಎರಡನೆಯದು, ತಾನು ವಿಫಲವಾದಾಗ ಅದು ಹೇಳುತ್ತದೆಯೇ? ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ನೌಕರರೊಬ್ಬರು ಕೈತಪ್ಪಿ ಮುಖ್ಯ ದತ್ತಾಂಶವನ್ನು ಅಳಿಸಿದರು. ದಿನವೂ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳನ್ನು ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಯೋಗದಿಂದ ಬೇರೊಂದು ಪ್ರತಿ ಇದ್ದು ಸುಮಾರು ಆರು ಗಂಟೆಯ ದತ್ತಾಂಶವಷ್ಟೇ ನಷ್ಟವಾಯಿತು. ಕಂಪ್ಯೂಟರನ್ನೇ ಕಸುಬು ಮಾಡಿಕೊಂಡವರ ಪಾಡು ಇದು. ಆದ್ದರಿಂದ "ಕೊನೆಯ ಬ್ಯಾಕಪ್ ಇಂಥ ದಿನ ಆಯಿತು" ಎಂದು ದಿನಾಂಕ ತೋರಿಸುವ ಸಾಫ್ಟ್‌ವೇರನ್ನೇ ಆರಿಸಬೇಕು. ಬರೀ ಹಸಿರು ಗುರುತು ಸಾಲದು.

ಮೂರನೆಯದು, ಆ ಸಾಫ್ಟ್‌ವೇರು ಇಲ್ಲದೆಯೂ ಕಡತ ತೆರೆಯಬಹುದೇ? ಕೆಲವು ಸಾಫ್ಟ್‌ವೇರುಗಳು ಕಡತಗಳನ್ನು ಇದ್ದ ಹಾಗೆಯೇ ನಕಲಿಸುತ್ತವೆ, ಯಾವ ಕಂಪ್ಯೂಟರಿನಲ್ಲಿಯೂ ತೆರೆಯಬಹುದು. ಇನ್ನು ಕೆಲವು ಎಲ್ಲವನ್ನೂ ಒತ್ತಿ ತಮ್ಮದೇ ಮೂಟೆ ಕಟ್ಟುತ್ತವೆ, ಬಿಚ್ಚಲು ಅವೇ ಬೇಕು. ಮೂಟೆ ಕಟ್ಟುವುದೇ ತಪ್ಪೆಂದು ನಾವು ಹೇಳುವುದಿಲ್ಲ, ಆದರೆ ಕಂಪನಿಯ ಆಯಸ್ಸನ್ನೂ ಆಗ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಕ್ರ್ಯಾಶ್‌ಪ್ಲಾನ್ ಎಂಬ ಹೆಸರಾಂತ ಸೇವೆ 2017ರಲ್ಲಿ ಮನೆಬಳಕೆಯವರಿಗೆ ತನ್ನ ಬಾಗಿಲು ಮುಚ್ಚುವುದಾಗಿ ಸಾರಿತು, ಮರುವರ್ಷ ಮುಚ್ಚಿತು. ಬಹಳ ಮಂದಿ ನೆಚ್ಚಿದ್ದ ಮ್ಯಾಕ್ರಿಯಂ ರಿಫ್ಲೆಕ್ಟಿನ ಉಚಿತ ಆವೃತ್ತಿಗೆ 2024ರ ಆರಂಭದಿಂದ ಸುರಕ್ಷತೆಯ ತಿದ್ದುಪಡಿಗಳು ನಿಂತವು. ನಮ್ಮ ಅಭಿಪ್ರಾಯ ಇಷ್ಟು: ಮತ್ತೆ ಸಿಗದಿರುವ ದಾಖಲೆಗಳ ಒಂದು ಪ್ರತಿಯಾದರೂ ಮೂಟೆ ಕಟ್ಟದೆ ಬಿಡಿಯಾಗಿ ಇರಲೇಬೇಕು.

ಪಾಸ್‌ವರ್ಡು ಹಾಕಿ ಗುಪ್ತಗೊಳಿಸುವ ಸೌಲಭ್ಯ ಒಳ್ಳೆಯದೇ. ಮನೆಯ ಹೊರಗೆ ಹೋಗುವ ಪ್ರತಿಗೆ ಅದು ಬೇಕು. ಪಾಸ್‌ವರ್ಡು ಮರೆತರೆ ತಯಾರಿಸಿದ ಕಂಪನಿಯೂ ತೆರೆಯಲಾರದು. ಆದ್ದರಿಂದ ಅದನ್ನು ಕಾಗದದ ಮೇಲೆ ಬರೆದು, ಕ್ರಯಪತ್ರಗಳ ಜೊತೆ ಇಟ್ಟು, ಮನೆಯ ಇನ್ನೊಬ್ಬರಿಗೆ ತಿಳಿಸಿಡಬೇಕು. ಹಾಕಿಸಿಕೊಟ್ಟ ಹುಡುಗನಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡಿನ ಕಥೆ ಮೇಲೆ ಹೇಳಿದ್ದೇವೆ. ಕಳ್ಳ ಪ್ರತಿಯ ಸಾಫ್ಟ್‌ವೇರು ಮಾತ್ರ ಬೇಡವೇ ಬೇಡ.

ಹೆಸರುಗಳ ವಿಚಾರ

ವಿಂಡೋಸ್ ಇರುವವರ ಬಳಿ ಫೈಲ್ ಹಿಸ್ಟರಿ ಎಂಬ ಸೌಲಭ್ಯ ಆಗಲೇ ಇದೆ. 2012ರ ವಿಂಡೋಸ್ 8ರಲ್ಲಿ ಬಂದದ್ದು, 10 ಮತ್ತು 11ರ ಕಂಟ್ರೋಲ್ ಪ್ಯಾನಲಿನಲ್ಲಿಯೂ ಸಿಗುತ್ತದೆ. ಖರ್ಚಿಲ್ಲ, ಹಳೆಯ ಪ್ರತಿಗಳನ್ನು ದಿನಾಂಕ ಸಮೇತ ಬಿಡಿಯಾಗಿಯೇ ಇಡುತ್ತದೆ. ಆರಂಭಿಸುವವರಿಗೆ ನಾವು ಇದನ್ನೇ ಹೇಳುವುದು. ಒಂದು ಎಚ್ಚರಿಕೆ: ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಗೊತ್ತಾದ ಫೋಲ್ಡರುಗಳನ್ನು ಮಾತ್ರ ಕಾಯುತ್ತದೆ. ಡಿ ಡ್ರೈವಿನಲ್ಲಿ ಬೇರೆ ಇಟ್ಟ ಲೆಕ್ಕ ತಾನಾಗಿ ಅದರೊಳಗೆ ಸೇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಮದುವೆಯ ಫೋಟೋ ಉಳಿದು ಟ್ಯಾಲಿ ಹೋಗುವುದು ಹೀಗೆಯೇ. ಟ್ಯಾಲಿಯವರು ಮೊದಲು ಟ್ಯಾಲಿಯದೇ ಬ್ಯಾಕಪ್ ಆಜ್ಞೆಯಿಂದ ಡಾಕ್ಯುಮೆಂಟ್ಸ್ ಒಳಗಿನ ಒಂದು ಫೋಲ್ಡರಿಗೆ ಪ್ರತಿ ತೆಗೆಯಬೇಕು. ಆ ಫೋಲ್ಡರನ್ನು ಉಳಿದ ಸಾಫ್ಟ್‌ವೇರು ನೋಡಿಕೊಳ್ಳುತ್ತದೆ. ಟ್ಯಾಲಿ ತೆರೆದು ಬರೆಯುತ್ತಿರುವಾಗಲೇ ಅದರ ಕಡತಗಳನ್ನು ನೇರವಾಗಿ ನಕಲಿಸಿದರೆ ಅರ್ಧ ಹಳೆಯದು, ಅರ್ಧ ಹೊಸದು ಬೀಳುವ ಸಂಭವವಿದೆ.

ಫ್ರೀಫೈಲ್‌ಸಿಂಕ್ ಮನೆಬಳಕೆಗೆ ಉಚಿತ, ಇದ್ದ ಹಾಗೆಯೇ ನಕಲಿಸುತ್ತದೆ, ಯಾವ ಫೋಲ್ಡರನ್ನಾದರೂ ಕೊಡಬಹುದು. ಇದರಲ್ಲಿ ಮಿರರ್ ಎಂಬ ಆಯ್ಕೆ ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ತೆಗೆಯುತ್ತದೆ. ಆದ್ದರಿಂದ ಅಳಿದದ್ದನ್ನು ಬೇರೆ ಫೋಲ್ಡರಿನಲ್ಲಿ ಉಳಿಸುವ ವರ್ಷನಿಂಗ್ ಆಯ್ಕೆಯನ್ನು ಜೊತೆಗೆ ಹಾಕಲೇಬೇಕು. ಇಡೀ ಕಂಪ್ಯೂಟರನ್ನು, ವಿಂಡೋಸ್ ಸಮೇತ, ಹಾಗೆಯೇ ಹಿಡಿದಿಡಬೇಕೆನ್ನುವವರಿಗೆ ವೀಮ್ ಏಜೆಂಟಿನ ಉಚಿತ ಆವೃತ್ತಿ ನಮಗೆ ಒಪ್ಪಿಗೆಯಾಗಿದೆ. ಬ್ಯಾಕಪ್ ಮುಗಿದೊಡನೆ ಡಿಸ್ಕಿನ ಸಂಪರ್ಕವನ್ನು ತಾನೇ ಬಿಡಿಸುವ ಆಯ್ಕೆ ಅದರಲ್ಲಿದೆ. ಆದರೆ ಅದು ಮೂಟೆ ಕಟ್ಟುವ ಜಾತಿ. ಕಂಪ್ಯೂಟರು ಏಳದಿದ್ದಾಗ ಬೇಕಾಗುವ ರಿಕವರಿ ಪೆನ್ ಡ್ರೈವನ್ನು ಹಾಕಿಸಿದ ದಿನವೇ ಮಾಡಿಟ್ಟುಕೊಳ್ಳಬೇಕು. ವಿಂಡೋಸಿನಲ್ಲಿರುವ ಹಳೆಯ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟಿನವರೇ 2017ರಲ್ಲಿ ಕೈಬಿಡುವ ಪಟ್ಟಿಗೆ ಸೇರಿಸಿದ್ದಾರೆ, ಹೊಸದಾಗಿ ಅದನ್ನು ನೆಚ್ಚುವುದು ಬೇಡ.

ಡ್ಯೂಪ್ಲಿಕಾಟಿ ಎಂಬುದು ಲೆಕ್ಕಪತ್ರವನ್ನು ಗುಪ್ತಗೊಳಿಸಿ ಇಂಟರ್‌ನೆಟ್ಟಿಗೆ ಕಳಿಸುತ್ತದೆ, ಉಚಿತ. ಹಲವು ವರ್ಷ ಬೀಟಾ ಎಂಬ ಹಣೆಪಟ್ಟಿಯಲ್ಲೇ ಇತ್ತು. ಕಂಪ್ಯೂಟರು ಪೂರ್ತಿ ಹೋದಾಗ ಅದರಿಂದ ಮರಳಿ ಪಡೆಯುವುದು ನಿಧಾನ. ತಾಳ್ಮೆ ಇರುವ ತರುಣರು ಮನೆಯಲ್ಲಿದ್ದರೆ ಮಾತ್ರ. ಆಪಲ್ ಕಂಪ್ಯೂಟರಿನವರಿಗೆ 2007ರಿಂದ ಟೈಮ್ ಮಷೀನ್ ಇದೆ, ಅದು ಸಾಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅನೇಕ ಸದಸ್ಯರು ಕಂಪ್ಯೂಟರು ಬದಲಿಸುವ ಯೋಚನೆಯಲ್ಲಿದ್ದಾರೆ. ಹಳೆಯದನ್ನು ಅಂಗಡಿಗೆ ಕೊಡುವ ಮೊದಲು ಈ ಕೆಲಸ ಆಗಲಿ.

ಪರೀಕ್ಷೆ

ಬೋರ್ಡೋ ದ್ರಾವಣ ಮಾಡಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ, ಕೆಂಪು ಹತ್ತಿತೇ ಎಂದು ನೋಡದೆ ಯಾರೂ ಕೊನೆಗೆ ಹೊಡೆಸುವುದಿಲ್ಲ. ಕೆಂಪು ಬಂದರೆ ಇನ್ನಷ್ಟು ಸುಣ್ಣ ಬೇಕು. ಬ್ಯಾಕಪ್ಪಿಗೂ ಅಂಥದೇ ಪರೀಕ್ಷೆ ಇದೆ, ಅದು ಮರಳಿ ಪಡೆದು ನೋಡುವುದು. ಸಾಫ್ಟ್‌ವೇರು ಹಾಕಿಸಿದ ವಾರದೊಳಗೆ ಹೀಗೆ ಮಾಡಿ ನೋಡಿ. ಒಂದು ಟ್ಯಾಲಿ ಪ್ರತಿ, ಒಂದು ಫೋಟೋ, ಕನ್ನಡದಲ್ಲಿ ಹೆಸರಿಟ್ಟ ಒಂದು ಕಡತ, ಇವನ್ನು ಆರಿಸಿಕೊಳ್ಳಿ. ಡಿಸ್ಕನ್ನು ನಿಮ್ಮ ಕಂಪ್ಯೂಟರಿನಿಂದ ಕಿತ್ತು ನೆಂಟರ ಮನೆಯ ಅಥವಾ ಸಂಘದ ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿ ಮರಳಿ ಪಡೆದು, ತೆರೆದು, ಒಳಗಿನ ಅಂಕಿಗಳನ್ನು ಓದಿ. ಕನ್ನಡ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಆ ಸಾಫ್ಟ್‌ವೇರು ನಮಗಲ್ಲ. ನಿಮ್ಮದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಪರೀಕ್ಷೆ ಅರ್ಧವೇ ಆದಂತೆ. ಅಲ್ಲಿ ಪಾಸ್‌ವರ್ಡು, ಫಾಂಟು, ಸಾಫ್ಟ್‌ವೇರು ಎಲ್ಲವೂ ಮೊದಲೇ ಇರುತ್ತವೆ, ಆಪತ್ಕಾಲದಲ್ಲಿ ಇರುವುದಿಲ್ಲ.

ಇದನ್ನು ವರ್ಷಕ್ಕೆ ಎರಡು ಸಲವಾದರೂ ಮಾಡುವುದು, ಒಂದು ಸಲ ಮುಂಗಾರಿಗೆ ಮೊದಲು, ಇನ್ನೊಂದು ಕಾಫಿ ಕೊಯಿಲು ಶುರುವಾಗುವ ಮೊದಲು. ಪೆನ್ ಡ್ರೈವಿಗೆ ದೊಡ್ಡ ವಿಡಿಯೋ ಹೋಗದೆ ನಿಂತರೆ ಗಾಬರಿ ಬೇಡ. ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಸಿದ್ಧಪಡಿಸಿದ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ. ಹೊಸದಾಗಿ ಎನ್‌ಟಿಎಫ್‌ಎಸ್ ಬಗೆಗೆ ಬದಲಿಸಿಕೊಳ್ಳಬೇಕು, ಬದಲಿಸುವ ಮೊದಲು ಅದರಲ್ಲಿದ್ದದ್ದನ್ನು ಬೇರೆಡೆ ತೆಗೆದಿಡಬೇಕು.

ಡಿಸ್ಕಿನ ಸಂಗ್ರಹ

ನಮ್ಮ ಮನೆಯಲ್ಲಿ ಈಗ ಎರಡು ಡಿಸ್ಕುಗಳಿವೆ. ಒಂದನ್ನು ಶನಿವಾರ ರಾತ್ರಿ ಸಿಕ್ಕಿಸಿ, ಕೆಲಸ ಮುಗಿದೊಡನೆ ಕಿತ್ತು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುತ್ತೇವೆ. ಜುಲೈ ತಿಂಗಳಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಬರುವ ಮನೆಯಲ್ಲಿ ಡಿಸ್ಕನ್ನು ಬರಿದೇ ಇಡುವುದು ತರವಲ್ಲ. ಇನ್ನೊಂದು ಡಿಸ್ಕು ಮನೆಯ ಹೊರಗಿದೆ. ತಿಂಗಳಿಗೊಮ್ಮೆ ಎರಡನ್ನೂ ಅದಲುಬದಲು ಮಾಡುತ್ತೇವೆ. ಗುಡುಗು ಕೇಳಿಸಿದೊಡನೆ ಕಂಪ್ಯೂಟರಿನ ಪ್ಲಗ್ಗು, ಇಂಟರ್‌ನೆಟ್ಟಿನ ತಂತಿ ಎರಡನ್ನೂ ಕೀಳುವುದು ಮನೆಯವರೆಲ್ಲರಿಗೂ ಅಭ್ಯಾಸವಾಗಿದೆ. ಯುಪಿಎಸ್ ಇದ್ದರೆ ಸಾಕೆಂದು ನಂಬಬಾರದು. ಮಳೆಯನ್ನು ಮಾತ್ರ ಮತ್ತೆ ನೋಟು ಪುಸ್ತಕದಲ್ಲಿಯೂ ಬರೆಯುತ್ತಿದ್ದೇವೆ.

ಎರಡನೆಯ ಡಿಸ್ಕು ಇಡಲು ಹೊರಗೆ ಜಾಗವಿಲ್ಲದ ಸದಸ್ಯರಿಗಾಗಿ ಸಂಘದ ಕಚೇರಿಯ ಮಹಡಿಯಲ್ಲಿರುವ ಕಬ್ಬಿಣದ ಬೀರುವಿನ ಒಂದು ಅರೆಯನ್ನು ತೆರವು ಮಾಡಿದ್ದೇವೆ. ಶುಲ್ಕವಿಲ್ಲ. ಡಿಸ್ಕನ್ನು ಗುಪ್ತಗೊಳಿಸಿ, ದಪ್ಪ ಲಕೋಟೆಯಲ್ಲಿಟ್ಟು, ಮೇಲೆ ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಬರೆದು, ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ 10ರಿಂದ 1 ಗಂಟೆಯೊಳಗೆ ತಂದುಕೊಟ್ಟು ಪುಸ್ತಕದಲ್ಲಿ ಸಹಿ ಮಾಡಬೇಕು. ಪಾಸ್‌ವರ್ಡನ್ನು ಲಕೋಟೆಯ ಮೇಲೆ ಬರೆಯಬಾರದು. ಮರಳಿ ಪಡೆಯುವ ಪರೀಕ್ಷೆಯನ್ನು ಅದೇ ದಿನ ಸಂಘದ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದು, ನಮ್ಮ ಗುಮಾಸ್ತರು ಜೊತೆಗಿರುತ್ತಾರೆ. ಡಿಸ್ಕಿನ ಕೇಬಲ್ಲನ್ನೂ ಲಕೋಟೆಯೊಳಗೆ ಇಡಬೇಕೆಂದು ಕೋರುತ್ತೇವೆ. ಕಳೆದ ಸಲ ಮೂವರು ಕೇಬಲ್ಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.